ಊಟದ ನಂತರದ ಸಕ್ಕರೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಸರ್ಕಾರದ ಮಧುಮೇಹ ತಪಾಸಣೆ 30 ದಾಟಿದವರಿಗೆ. ಟೈಪ್ 2 ಮಧುಮೇಹ ಮಾತ್ರ ಅಲ್ಲಿಯವರೆಗೆ ಕಾಯುತ್ತಿಲ್ಲ. ಇಪ್ಪತ್ತೈದರ ಹುಡುಗರೂ ಮಾತ್ರೆ ನುಂಗುತ್ತಿದ್ದಾರೆ. ಇವರಲ್ಲಿ ಹಲವರು ಖಾಲಿ ಹೊಟ್ಟೆಯ ಅಂಕಿ ನೋಡಿಯೇ ನಿರಾಳರಾಗುತ್ತಾರೆ. ಊಟ ಶುರುವಾಗಿ ಎರಡು ಗಂಟೆಗೆ ಸಾಮಾನ್ಯವಾಗಿ 180ರೊಳಗೆ ಇರಬೇಕಾದ ಸಕ್ಕರೆ ಎಲ್ಲಿಗೆ ಏರಿದೆಯೆಂದು ನೋಡುವವರು ಕಡಿಮೆ.

ನಮ್ಮ ತಟ್ಟೆಯಲ್ಲಿ ಬೆಳಿಗ್ಗೆ ರೈಸ್‌ಬಾತ್, ಮಧ್ಯಾಹ್ನ ಗುಡ್ಡೆ ಅನ್ನ. ಪಲ್ಯ ಮೂಲೆಯಲ್ಲಿ ಒಂದು ಚಮಚ. ಕೋಸಂಬರಿ, ಪಲ್ಯ, ಕಾಳು ಅಥವಾ ಮೊಟ್ಟೆಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ, ಅದೂ ಅಳತೆಯಲ್ಲಿ ಉಂಡರೆ ಏರಿಕೆ ತಗ್ಗುತ್ತದೆ. ಉಂಡ ಮೇಲೆ ಹದಿನೈದು ನಿಮಿಷ ನಡೆದರೆ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ರಾಗಿಯೆಂದರೆ ಸಾಕು, ಎಷ್ಟು ಬೇಕಾದರೂ ಕುಡಿಯಬಹುದು ಎಂಬ ನಂಬಿಕೆಯೂ ಇದೆ. ನುಣ್ಣನೆಯ ಹಿಟ್ಟಿನ ರಾಗಿ ಮಾಲ್ಟ್, ಅದಕ್ಕೆ ಬೆಲ್ಲ ಬೇರೆ, ಸಕ್ಕರೆಯನ್ನು ಸರಸರನೆ ಏರಿಸುತ್ತದೆ. (ಹಳೇ ಮೈಸೂರಿನವರು ಮುನಿಸಿಕೊಳ್ಳಬಾರದು!)

ಆದರೆ ಕೈ ತೊಳೆದ ಕೂಡಲೇ ಯಂತ್ರದ ಮುಂದೆ ಕೂರಬೇಕಾದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಈ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಊಟದ ವಿರಾಮವನ್ನು ಅಷ್ಟಾದರೂ ಹಿಗ್ಗಿಸಲು ಕಾರ್ಮಿಕ ಇಲಾಖೆ ಮುಂದಾಗಲಿ. ಹೆತ್ತವರಿಗೆ ಮಧುಮೇಹವಿರುವ ಯುವಜನರಿಗಾದರೂ ಆರೋಗ್ಯ ಇಲಾಖೆ 20ರಿಂದಲೇ ತಪಾಸಣೆ ಆರಂಭಿಸಲಿ. ಊಟದ ನಂತರದ ಪರೀಕ್ಷೆಯೂ ಅದರಲ್ಲಿರಲಿ.

– ಓದುಗ, ಮಂಡ್ಯ