ಮಕ್ಕಳು ಪ್ರಶ್ನೆ ಕೇಳದೆ ಇರುತ್ತಾರಾ?

ಮಾನ್ಯ ಸಂಪಾದಕರೇ,

ಮೋಂತಿ ಹಬ್ಬದ ದಿನ, ಅಂದರೆ ನಾವು ಕರಾವಳಿಯ ಕ್ರೈಸ್ತರು ಮರಿಯಮ್ಮನ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬ ಆಚರಿಸುವ ದಿನ, ನಿಮ್ಮ ಓದುಗರ ಅಂಕಣದಲ್ಲಿ ಬಂದ ಒಂದು ಪತ್ರ ಓದಿದೆ. ಕಷ್ಟ ಬಂದಾಗ ಕ್ರೈಸ್ತರು ಚಿಕ್ಕ ಮಕ್ಕಳ ಹಾಗೆ ನಂಬಬೇಕು, ಯಾಕೆ ಏನು ಎಂದು ಕೇಳಬಾರದು, ಅಳಬಾರದು ಎಂದು ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಅವರ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ ಅಂತ ಕಾಣುತ್ತದೆ.

ನಮ್ಮಲ್ಲಿ ಒಬ್ಬಳಿದ್ದಾಳೆ, ಮಗಳ ಮಗಳು. ಎರಡು ವರ್ಷದ ಹಿಂದೆ, ಅವಳಿಗೆ ಐದು ವರ್ಷ ಇದ್ದಾಗ, ನನ್ನ ಯಜಮಾನರು ತೀರಿಕೊಂಡರು. ಹೊಟ್ಟೆಯ ಕ್ಯಾನ್ಸರ್. ಗೊತ್ತಾದ ಮೇಲೆ ಉಳಿದದ್ದು ನಾಲ್ಕೇ ತಿಂಗಳು. ಜುಲೈ ತಿಂಗಳ ಬಿಡದ ಮಳೆಯಲ್ಲೂ ಜನ ಬಂದರು. ಬಂದವರೆಲ್ಲ ಹೇಳಿದ್ದು ಒಂದೇ, "ಅಳಬೇಡಿ ಬಾಯಮ್ಮ, ದೇವರ ಚಿತ್ತ." ನಾನು ತಲೆ ಆಡಿಸುತ್ತಿದ್ದೆ. ಆ ಸಂಜೆ ತೇರ್ಸ್ ಹೇಳುತ್ತಾ ಇದ್ದಾಗ, ಅಂದರೆ ಜಪಸರದ ಪ್ರಾರ್ಥನೆಯ ನಡುವೆ, ಮೊಮ್ಮಗಳು ಎದ್ದು ನಿಂತಳು. ಅಲ್ತಾರಿನ (ದೇವರ ಪೀಠದ) ಕಡೆ ನೋಡಿ, "ನಾವು ದಿನಾ ಕೇಳಿದ್ದಲ್ವಾ? ಮತ್ತೆ ಅಜ್ಜನನ್ನು ಯಾಕೆ ಕರ್ಕೊಂಡು ಹೋದದ್ದು?" ಎಂದಳು. ಅವಳಮ್ಮ ಬಾಯಿ ಮುಚ್ಚಿಸಲು ಹೋದಳು. ಬಿಡು ಅಂದೆ. ನನಗೂ ಅದನ್ನೇ ಕೇಳಬೇಕಿತ್ತು.

ಅದೇ ವರ್ಷ ಆಗಸ್ಟ್ 30ಕ್ಕೆ ಮೋಂತಿಯ ನೊವೆನಾ, ಅಂದರೆ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಶುರುವಾಯಿತು. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳ ಮೂರ್ತಿಯ ಮುಂದೆ ಹಾಕುತ್ತಾರೆ. ಬೆಳಿಗ್ಗೆ ಎದ್ದು ಊರ ಬೇಲಿಯೆಲ್ಲ ಸುತ್ತಿ ಕೊಯ್ಯುವುದೇ ದೊಡ್ಡ ಸಂಭ್ರಮ. ಇವಳೂ ಕೊಯ್ದಳು. ಇಗರ್ಜಿಗೆ (ಚರ್ಚಿಗೆ) ಬಂದಳು, ಸಾಲಿನಲ್ಲಿ ನಿಂತಳು. ಹೂ ಮಾತ್ರ ಹಾಕಲಿಲ್ಲ. ಕೇಳಿದ್ದಕ್ಕೆ, "ನಾನು ಮರಿಯಮ್ಮನ ಹತ್ತಿರ ಟೂ ಬಿಟ್ಟಿದ್ದೇನೆ" ಅಂದಳು. ದಿನಾ ಇದೇ ಕತೆ. ಹೂ ಬುಟ್ಟಿಯಲ್ಲೇ ಮನೆಗೆ ವಾಪಸ್.

ಸೆಪ್ಟೆಂಬರ್ 8ಕ್ಕೆ ಹಬ್ಬ. ಅವತ್ತು ಬುಟ್ಟಿಯ ಜೊತೆ ಒಂದು ಪ್ಲಾಸ್ಟಿಕ್ ಕವರೂ ಇತ್ತು. ಮೂರ್ತಿಯ ಹತ್ತಿರ ಹೋಗಿ ಎರಡನ್ನೂ ಸುರಿದಳು. ಕವರಿನಲ್ಲಿದ್ದದ್ದು ಅಷ್ಟೂ ದಿನದ ಹೂ! ದಾಸವಾಳ ಕಪ್ಪಾಗಿ ಅಂಟಂಟಾಗಿತ್ತು. ಕಣಗಿಲೆ ಕೊಳೆತು ವಾಸನೆ ಬರುತ್ತಿತ್ತು. ಶಂಖಪುಷ್ಪದ ನೀಲಿ ಮಾತ್ರ ಒಂಚೂರು ಉಳಿದಿತ್ತು. ಪಕ್ಕದವರು ಮೂಗು ಮುಚ್ಚಿಕೊಂಡರು. ಇವಳು ಏನೂ ಆಗದವಳ ಹಾಗೆ ಹಬ್ಬಕ್ಕೆ ಮಕ್ಕಳಿಗೆ ಕೊಡುವ ಕಬ್ಬಿನ ಸಾಲಿಗೆ ಹೋಗಿ ನಿಂತಳು. "ಟೂ ಬಿಟ್ಟದ್ದು ಏನಾಯ್ತು?" ಎಂದು ಕೇಳಿದೆ. "ಅದು ಇನ್ನೂ ಇದೆ. ಆದ್ರೆ ಹೂ ಅವರದ್ದಲ್ವಾ?"

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದ್ದು ಯಾವಾಗ? ನಮ್ಮಲ್ಲಿ ಯಾರು ದೊಡ್ಡವರು ಎಂಬ ಮಾತು ಬಂದಾಗ. ದೊಡ್ಡಸ್ತಿಕೆ ಬಿಡಿ ಎಂದು ಅದರ ಅರ್ಥ. ಬಾಯಿ ಮುಚ್ಚಿ ಎಂದು ಅಲ್ಲಿ ಎಲ್ಲೂ ಇಲ್ಲ. 13ನೇ ಕೀರ್ತನೆ ಶುರುವಾಗುವುದೇ ಇನ್ನೂ ಎಷ್ಟು ಕಾಲ ಎಂಬ ಜಗಳದಿಂದ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ "ಯಾಕೆ ಕೈಬಿಟ್ಟೆ" ಎಂದೇ. ಕರಾವಳಿಯ ಕ್ರೈಸ್ತರಾದ ನಮ್ಮ ಹಿರಿಯರನ್ನು 1784ರಲ್ಲಿ ಟಿಪ್ಪು ಸುಲ್ತಾನನ ಕಡೆಯವರು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬಿಡುಗಡೆ ಆದದ್ದು 1799ರಲ್ಲಿ. (ಅದರ ರಾಜಕೀಯ ನನಗೆ ಬೇಡ, ಅದಕ್ಕೆ ಬೇರೆ ಜನ ಇದ್ದಾರೆ.) ಆ ಹದಿನೈದು ವರ್ಷದಲ್ಲಿ ಒಬ್ಬ ತಾಯಿಯೂ ಇನ್ನೆಷ್ಟು ದಿನ ಅಂತ ಕೇಳಿರಲಿಕ್ಕಿಲ್ಲವೇ? ಕೇಳಿಯೇ ಇರುತ್ತಾರೆ. ಉಳಿದವರು ತಿರುಗಿ ಬಂದು ಮತ್ತೆ ಗದ್ದೆಗೆ ಇಳಿದರು, ಅಷ್ಟೆ.

ಸಾವಿನ ಮನೆಗೆ ಹೋಗುವವರಲ್ಲಿ ನನ್ನದೊಂದು ವಿನಂತಿ. "ಅಳಬೇಡಿ, ವಿಶ್ವಾಸ ಇಲ್ವಾ?" ಎಂದು ದಯವಿಟ್ಟು ಹೇಳಬೇಡಿ. ಅಳುವವರಿಗೆ ಅದು ಎರಡನೇ ಪೆಟ್ಟು. ನಮ್ಮ ಆಚೆಮನೆಯ ತುಳು ಮಾತಾಡುವ ಅಕ್ಕ ಒಂದು ಮಾತೂ ಆಡಲಿಲ್ಲ. ಮೂರು ದಿನ ಗಂಜಿ, ಹುರುಳಿ ಚಟ್ನಿ ತಂದಿಟ್ಟು, ನನ್ನ ಪಕ್ಕ ಕೂತು, ಪಾತ್ರೆ ತೊಳೆದು ಹೋದರು.

ನಾನು ಈಗಲೂ ಒಮ್ಮೊಮ್ಮೆ ದೇವರ ಹತ್ತಿರ ಟೂ ಬಿಡುತ್ತೇನೆ. ತೇರ್ಸ್ ಮಾತ್ರ ತಪ್ಪಿಸುವುದಿಲ್ಲ.

ನಮ್ಮ ಗದ್ದೆ ಅಡಿಕೆ ತೋಟವಾಗಿ ಎಷ್ಟೋ ವರ್ಷವಾಯಿತು. ತೆನೆ ಈಗ ಇಗರ್ಜಿಯಲ್ಲಿ ಕೊಟ್ಟದ್ದೇ. ಆಶೀರ್ವಾದ ಮಾಡಿದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತೇವೆ. ಮೀನಿಲ್ಲದ ಊಟ, ಬರೀ ತರಕಾರಿ. ಯಜಮಾನರು ತೀರಿಕೊಂಡ ವರ್ಷ ಗೊತ್ತಿಲ್ಲದೆ ಒಂದು ಲೋಟ ಜಾಸ್ತಿ ಇಟ್ಟಿದ್ದೆ. ಅದನ್ನೂ ಮೊಮ್ಮಗಳೇ ಕುಡಿದಳು.

ಮಗ ಕುವೈತಿನಲ್ಲಿದ್ದಾನೆ. ಅವನ ಪಾಲಿನ ಏಳು ಕಾಳನ್ನು ಕಾಗದದಲ್ಲಿ ಮಡಚಿ, ಯಜಮಾನರು ಮಾಡುತ್ತಿದ್ದ ಹಾಗೆಯೇ, ಈ ಸಲದ ಹಬ್ಬದ ಮಾರನೇ ದಿನ ಅಂಚೆಗೆ ಹಾಕಿದ್ದೇನೆ. ತಲುಪಿದ ಸುದ್ದಿ ಇನ್ನೂ ಬಂದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ಬಂಟ್ವಾಳ ತಾಲ್ಲೂಕು