ಇನ್ನು ಮುಂದೆ ಕಿಟಕಿ ಕೂರಿಸುವುದೂ ನಾವೇ

ನಮ್ಮ ಗ್ರಾಹಕರೆಲ್ಲರಿಗೆ ನಮಸ್ಕಾರ,

ಅಕ್ಟೋಬರ್ 1ರಿಂದ ನಮ್ಮಲ್ಲಿ ಒಂದು ಬದಲಾವಣೆ ಆಗುತ್ತಿದೆ. ಇಷ್ಟು ದಿನ ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಕಿಟಕಿ ಮಾಡಿ ನಿಮ್ಮ ಅಂಗಳಕ್ಕೆ ತಂದು ಇಳಿಸುತ್ತಿದ್ದೆವು. ಕೂರಿಸುವ ಕೆಲಸವನ್ನು ಹೆಚ್ಚಿನವರು ತಮ್ಮ ಮೇಸ್ತ್ರಿಯಿಂದಲೇ ಮಾಡಿಸುತ್ತಿದ್ದರು. ಇನ್ನು ಅಳತೆ ತೆಗೆಯುವುದು, ಕೂರಿಸುವುದು ಎರಡೂ ನಮ್ಮ ಹುಡುಗರದ್ದೇ. ಬರೀ ಕಿಟಕಿ ಕೊಡುವುದಿಲ್ಲ. ಇದಕ್ಕೆ ಚದರ ಅಡಿಗೆ 60 ರೂಪಾಯಿ ಜಾಸ್ತಿ ಆಗುತ್ತದೆ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಗೆ 960 ರೂಪಾಯಿ. ಅದು ಸಣ್ಣ ದುಡ್ಡಲ್ಲ. ಯಾಕೆ ಅಂತ ಹೇಳಬೇಕಾದ್ದು ನಮ್ಮ ಕರ್ತವ್ಯ.

ಈ ಮಳೆಗಾಲದಲ್ಲಿ ಬೈಂದೂರು ಕಡೆಯ ಒಂದು ಮನೆಯಿಂದ ಫೋನ್ ಬಂತು. ಪಡುಬದಿಯ ಕೋಣೆಯಲ್ಲಿ ಕಿಟಕಿಯ ಕೆಳಗಿನ ಗೋಡೆ ಪೂರ್ತಿ ಒದ್ದೆ. ಮಂಚ ಎಳೆದು ಆಚೆ ಇಟ್ಟಿದ್ದರು. "ಇದಕ್ಕಿಂತ ಹಳೆ ಕಿಟಕಿಯೇ ಆಗ್ತಿತ್ತಲ್ಲ ಮಾರಾಯ್ರೆ" ಅಂದರು ಆ ಮನೆಯ ಅಮ್ಮ. ಆ ಮಾತು ನಮಗೆ ತುಂಬಾ ನೋವು ಕೊಟ್ಟಿತು. ಕಿಟಕಿ ಬಿಚ್ಚಿ ನೋಡಿದರೆ ಮೂಲೆಯ ಬೆಸುಗೆ, ರಬ್ಬರ್, ಗಾಜು ಎಲ್ಲ ಸರಿ ಇತ್ತು. ನೀರು ಬರುತ್ತಿದ್ದದ್ದು ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಿಂದ. ಅಲ್ಲಿ ಸಿಮೆಂಟ್ ಗಾರೆ ತುಂಬಿಸಿದ್ದರು. ಇದು ಮೇಸ್ತ್ರಿಯ ತಪ್ಪಲ್ಲ. ಮರದ ದಾರಂದಕ್ಕೆ, ಅಂದರೆ ಮರದ ಚೌಕಟ್ಟಿಗೆ, ಅವರು ಹಾಗೇ ಮಾಡುತ್ತ ಬಂದಿದ್ದಾರೆ. ಹೇಳಿಕೊಡಬೇಕಾದವರು ನಾವು, ಹೇಳಿಕೊಟ್ಟಿರಲಿಲ್ಲ.

ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಎರಡು ಮೀಟರ್ ಉದ್ದದ ಚೌಕಟ್ಟಿಗೆ 20 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಗಾರೆ ಹಾಗೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಮಳೆ ಮೇಲಿಂದ ಬೀಳುವುದಕ್ಕಿಂತ ಪಡುವಣ ಗಾಳಿಗೆ ಅಡ್ಡಡ್ಡ ಬಡಿಯುತ್ತದೆ, ಅಲ್ವಾ? ಸಂದಿ ಎಲ್ಲಿದೆ ಎಂದು ಆ ನೀರಿಗೆ ಗೊತ್ತು. ಅದಕ್ಕೇ ಸುತ್ತಲೂ ಐದಾರು ಮಿಲಿಮೀಟರ್ ಜಾಗ ಬಿಟ್ಟು, ಒಳಗೆ ಫೋಮ್ ತುಂಬಿ, ಹೊರಗಿನಿಂದ ಸಿಲಿಕೋನ್ ಹಾಕಬೇಕು. ಒದ್ದೆ ಗೋಡೆಗೆ, ಧೂಳಿದ್ದ ಕಡೆ ಸಿಲಿಕೋನ್ ಹಿಡಿಯುವುದಿಲ್ಲ. ಮಳೆಯ ದಿನ ನಮ್ಮ ಹುಡುಗರು ಕೆಲಸ ಮುಂದೆ ಹಾಕಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಅಳತೆಯನ್ನೂ ಇನ್ನು ಪ್ಲಾನ್ ನೋಡಿ ತೆಗೆದುಕೊಳ್ಳುವುದಿಲ್ಲ. ಗಾರೆ ಮುಗಿದು, ಕೆಳಗಿನ ಗ್ರಾನೈಟ್ ಕೂತ ಮೇಲೆ ನಾವೇ ಬರುತ್ತೇವೆ. ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನು ಹಿಡಿಯುತ್ತೇವೆ. ಹಳೆಯ ಕೆಂಪುಕಲ್ಲಿನ ಮನೆಗಳಲ್ಲಿ ನಾಲ್ಕು ಮೂಲೆಯೂ ಮಟ್ಟಕ್ಕೆ ಸರಿಯಿರುವ ಕಿಟಕಿ ಸಿಕ್ಕುವುದೇ ಅಪರೂಪ.

ಗ್ರಾನೈಟ್ ಹೊರಕ್ಕೆ ಸ್ವಲ್ಪ ಇಳಿಜಾರು ಇರಲಿ, ಅಡಿಯಲ್ಲಿ ನೀರು ತೊಟ್ಟಿಕ್ಕುವ ಹಾಗೆ ಒಂದು ಗೆರೆ ಕೊರೆಸಿ. ಮೇಲೆ ಎರಡಡಿ ಸಜ್ಜಾ ಇದ್ದರೆ ಇನ್ನೂ ಒಳ್ಳೆಯದು.

ಸ್ಲೈಡಿಂಗ್ ಕೇಳುವವರಿಗೆ ಒಂದು ಮಾತು. ಸಜ್ಜಾ ಇಲ್ಲದ ಪಡುಬದಿಯ ಗೋಡೆಗೆ ನಾವು ಇನ್ನು ಸ್ಲೈಡಿಂಗ್ ಹಾಕುವುದಿಲ್ಲ. ಜೋರು ಗಾಳಿಗೆ ಅದರ ಕೆಳಗಿನ ಹಳಿಯಲ್ಲಿ ನಿಂತ ನೀರು ಒಳಗೆ ಚಿಮ್ಮುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿನ ಕಿಟಕಿ ಮುಚ್ಚಿದ ಕೂಡಲೇ ಸುತ್ತಲ ರಬ್ಬರನ್ನು ಒತ್ತಿ ಹಿಡಿಯುತ್ತದೆ. ಸರಳು, ಸೊಳ್ಳೆಬಲೆ ಎಲ್ಲಿ ಹಾಕುವುದು ಅಂತ ಎಲ್ಲರೂ ಕೇಳುತ್ತಾರೆ. ಸರಳು ಒಳಗೆ ಬರುತ್ತದೆ, ಅದರ ಈಚೆಗೆ ಬಲೆಯ ಬಾಗಿಲು. ಕಿಟಕಿ ತೆರೆಯಲು ಬಲೆ ಸರಿಸಿ ಕೈ ಹಾಕಬೇಕು. ಸ್ವಲ್ಪ ಕಿರಿಕಿರಿ ನಿಜ, ಆದರೆ ಒದ್ದೆ ಗೋಡೆಯಷ್ಟಲ್ಲ.

ಹಳೆ ಮನೆಯವರು ದಯವಿಟ್ಟು ಒಂದು ಕೆಲಸ ಮಾಡಿ. ದಾರಂದ ಹಲಸಿನದೋ ಬೋಗಿಯದೋ ಆಗಿದ್ದು, ಮೊಳೆ ಚುಚ್ಚಿದರೆ ಗಟ್ಟಿ ಇದ್ದರೆ ಅದನ್ನು ಕೀಳಬೇಡಿ. ಅಂಥ ಮರ ಈಗ ಸುಲಭಕ್ಕೆ ಸಿಗುವುದಿಲ್ಲ. ಬಾಗಿಲು ಮಾತ್ರ ಬದಲಿಸಿದರೆ ಸಾಕು. ಆ ಕೆಲಸಕ್ಕೆ ನಮ್ಮನ್ನೇ ಕರೆಯಬೇಕೆಂದಿಲ್ಲ, ನಿಮ್ಮೂರಿನ ಆಚಾರಿಯವರೇ ಚೆಂದ ಮಾಡುತ್ತಾರೆ.

ಬೇರೆ ಕಡೆ ಕಿಟಕಿ ತೆಗೆದುಕೊಂಡರೂ ಒಂದು ತುಂಡು ಕೊಯ್ದು ತೋರಿಸಲು ಹೇಳಿ. ಒಳಗೆ ಸತು ಲೇಪಿಸಿದ ಉಕ್ಕಿನ ಪಟ್ಟಿ ಇರಬೇಕು. ದೊಡ್ಡ ಕಿಟಕಿಗೆ ಅದಿಲ್ಲದಿದ್ದರೆ ಗಾಳಿಗೆ ಬಾಗುತ್ತದೆ. ಸಮುದ್ರದ ಹತ್ತಿರದ ಮನೆಗೆ ಸ್ಕ್ರೂ, ಬಿಜಾಗರಿಗಳು 316 ದರ್ಜೆಯ ಸ್ಟೀಲ್ ಆಗಿದ್ದರೆ ಉಪ್ಪುಗಾಳಿಗೆ 304ಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ. ಎರಡು ಪದರದ ಗಾಜು ಎಸಿ ಇರುವ ಕೋಣೆಗೆ ಸರಿ. ಉಳಿದ ಕಡೆ ಸುಮ್ನೆ ಖರ್ಚು.

ಕೂರಿಸಿದ ಮೇಲೆ ನಿಮ್ಮೆದುರೇ ಪೈಪ್ ಹಿಡಿದು ಕಾಲು ಗಂಟೆ ನೀರು ಬಿಡುತ್ತೇವೆ. ಒಳಗೆ ಒಂದು ಹನಿ ಕಂಡರೂ ಬಾಕಿ ಹಣ ಕೊಡಬೇಡಿ.

ಸೆಪ್ಟೆಂಬರ್ 30ರೊಳಗೆ ಮುಂಗಡ ಕೊಟ್ಟವರಿಗೂ ನಾವೇ ಕೂರಿಸುತ್ತೇವೆ, ಹೆಚ್ಚಿನ ಹಣ ಬೇಡ. ಹಿಂದೆ ನಮ್ಮಿಂದ ಕಿಟಕಿ ಒಯ್ದು ಬೇರೆಯವರಿಂದ ಕೂರಿಸಿಕೊಂಡವರು ಒಂದು ಫೋನ್ ಮಾಡಿ. ಮುಂದಿನ ಮೇ ತಿಂಗಳೊಳಗೆ ಬಂದು ಸಂದಿ ನೋಡಿ, ಗಾರೆ ತುಂಬಿದ್ದರೆ ತೆಗೆದು ಸರಿ ಮಾಡಿಕೊಡುತ್ತೇವೆ. ಅದಕ್ಕೆ ಹಣ ಇಲ್ಲ. ಬೈಂದೂರಿನ ಆ ಮನೆಯ ಕೆಲಸ ಮಳೆ ಬಿಟ್ಟ ಕೂಡಲೇ ಮೊದಲು ಆಗುತ್ತದೆ.

ನಿಮ್ಮ ವಿಶ್ವಾಸಿಗಳು,
ಕಾರ್ಖಾನೆಯ ಎಲ್ಲರ ಪರವಾಗಿ