ನಲವತ್ತು ರೂಪಾಯಿಯ ಷೇರು ಅಗ್ಗವೇ?

ಗದಗ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹೋದ ವಾರ ಫೋನಿನಲ್ಲಿ ನೀನು, 'ನಾಲ್ಕು ಸಾವಿರದ ಷೇರು ದುಬಾರಿ ದೊಡ್ಡಪ್ಪ, ನಲವತ್ತು ರೂಪಾಯಿಯದು ಅಗ್ಗ, ಅದನ್ನೇ ಐನೂರು ತೆಗೆದುಕೊಳ್ಳುತ್ತೇನೆ' ಎಂದೆ. ಆ ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ದುಡಿದ ದುಡ್ಡನ್ನು ಬೆಳೆಸಬೇಕೆಂಬ ನಿನ್ನ ಆಸೆ ಒಳ್ಳೆಯದೇ. ಆದರೆ ಅಗ್ಗ ಮತ್ತು ದುಬಾರಿ ಎಂಬ ಎರಡು ಮಾತುಗಳಿಗೆ ಷೇರುಪೇಟೆಯಲ್ಲಿ ಇರುವ ಅರ್ಥ ತರಕಾರಿ ಸಂತೆಯಲ್ಲಿರುವ ಅರ್ಥವಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧವಾದೀತೆಂದು ಕಾಗದ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಸಹಕಾರ ಸಂಘದ ಲೆಕ್ಕ ಬರೆದವನು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ, ಷೇರು ಎಂಬ ಮಾತು ನಮ್ಮ ಹಳ್ಳಿಗರಿಗೆ ನೂರು ವರ್ಷಕ್ಕೂ ಮಿಕ್ಕಿದ ಪರಿಚಯದ್ದು. ಆ ಪರಿಚಯವೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸಂಘದಲ್ಲಿ ನಿನ್ನ ಹತ್ತಿರ ಒಂದು ಷೇರಿರಲಿ, ನೂರಿರಲಿ, ಓಟು ಒಂದೇ. ಸದಸ್ಯತ್ವ ಬಿಟ್ಟು ಹೊರಟರೆ ಬೈಲಾದ ಪ್ರಕಾರ ಕಟ್ಟಿದ ಹಣ ಮುಖಬೆಲೆಯಲ್ಲಿ, ಅಂದರೆ ಷೇರಿನ ಮೇಲೆ ನಮೂದಿಸಿದ ಬೆಲೆಯಲ್ಲಿ, ವಾಪಸು ಬರುತ್ತದೆ. ಕಂಪನಿಯಲ್ಲಿ ಹಾಗಲ್ಲ. ಅಲ್ಲಿ ಷೇರಿಗೊಂದು ಓಟು, ಮತ್ತು ನೀನು ಬೇಡವೆಂದಾಗ ಕಂಪನಿ ನಿನ್ನ ಹಣವನ್ನು ಹಿಂತಿರುಗಿಸಬೇಕಾಗಿಲ್ಲ; ಆ ಪಾಲನ್ನು ಕೊಳ್ಳುವ ಇನ್ನೊಬ್ಬರು ಸಿಗಬೇಕು. ಹಾಗೆ ಕೊಳ್ಳುವವರೂ ಮಾರುವವರೂ ಸೇರುವ ಜಾಗವೇ ಷೇರುಪೇಟೆ.

ಕಂಪನಿಯು ಮೊದಲ ಬಾರಿ ಸಾರ್ವಜನಿಕರಿಂದ ಹಣ ಎತ್ತುವುದನ್ನು ಐಪಿಒ ಎನ್ನುತ್ತಾರೆ. ಇದು ಪ್ರಾಥಮಿಕ ಮಾರುಕಟ್ಟೆಯ ವ್ಯವಹಾರ. ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ನೀಡಿದಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ; ಅದೇ ಷೇರು ಪೇಟೆಗೆ ಬಂದ ದಿನ 145 ರೂಪಾಯಿಗೆ ತೆರೆದುಕೊಂಡಿತು. ಆ 95 ರೂಪಾಯಿ ಕಂಪನಿಯ ಕೆಲಸಕ್ಕೆ ಹೋಯಿತು. ಆಮೇಲೆ ನಡೆದ ಕೊಡುಕೊಳ್ಳುವಿಕೆಯೆಲ್ಲ ದ್ವಿತೀಯ ಮಾರುಕಟ್ಟೆಯದು, ಅದರ ಹಣ ಮಾರಿದವರ ಖಾತೆಗೆ ಸೇರುತ್ತದೆ. ನೀನು ಈಗ ಕೊಳ್ಳಲು ಹೊರಟಿರುವ ಷೇರಿಗೂ ಇದೇ ಮಾತು. ನಿನ್ನ ಇಪ್ಪತ್ತು ಸಾವಿರದಲ್ಲಿ ಒಂದು ಪೈಸೆಯೂ ಆ ಕಂಪನಿಗೆ ಹೋಗುವುದಿಲ್ಲ, ಅದನ್ನು ಕೈಬಿಡಲು ಕಾಯುತ್ತಿರುವ ಯಾರಿಗೋ ಹೋಗುತ್ತದೆ. ನೀನು ಅದರ ಹೆಸರು ಕೇಳಿದ ಟೆಲಿಗ್ರಾಂ ಗುಂಪಿನಲ್ಲಿ ಅದನ್ನು ಹರಿಯಬಿಟ್ಟವರೇ ಆ ಮಾರುವವರೂ ಆಗಿರಬಹುದು ಎಂಬುದನ್ನು ಯೋಚಿಸು.

ಈಗ ಬೆಲೆಯ ಲೆಕ್ಕಕ್ಕೆ ಬರುತ್ತೇನೆ. ಪೆನ್ನು ಹಿಡಿದು ಓದು. ಒಂದು ಕಂಪನಿ 100 ಕೋಟಿ ಷೇರುಗಳನ್ನು ಹಂಚಿದೆ, ಒಂದರ ಬೆಲೆ 40 ರೂಪಾಯಿ ಎಂದಿಟ್ಟುಕೋ. ಗುಣಿಸಿದರೆ ಇಡೀ ಕಂಪನಿಗೆ ಪೇಟೆ ಕಟ್ಟಿರುವ ಬೆಲೆ 4,000 ಕೋಟಿ; ಇದನ್ನೇ ಮಾರುಕಟ್ಟೆ ಬಂಡವಾಳ ಎನ್ನುವುದು. ಇನ್ನೊಂದು ಕಂಪನಿಗೆ ಇರುವುದು ಒಂದೇ ಕೋಟಿ ಷೇರು, ಒಂದರ ಬೆಲೆ 4,000 ರೂಪಾಯಿ. ಅದರ ಮೌಲ್ಯವೂ 4,000 ಕೋಟಿಯೇ. ಮೊದಲನೆಯದು ವರ್ಷಕ್ಕೆ 40 ಕೋಟಿ ಲಾಭ ಮಾಡುತ್ತದೆ, ಎರಡನೆಯದು 200 ಕೋಟಿ ಎಂದಾದರೆ, ಮೊದಲನೆಯದರಲ್ಲಿ ಪ್ರತಿ ಷೇರಿನ ಗಳಿಕೆ 40 ಪೈಸೆ, ಎರಡನೆಯದರಲ್ಲಿ 200 ರೂಪಾಯಿ. ಬೆಲೆಯನ್ನು ಗಳಿಕೆಯಿಂದ ಭಾಗಿಸಿದರೆ ಬರುವುದು ಪಿಇ ಅನುಪಾತ: ಮೊದಲನೆಯದಕ್ಕೆ 100, ಎರಡನೆಯದಕ್ಕೆ 20. ಅಂದರೆ ಒಂದು ರೂಪಾಯಿ ಲಾಭವನ್ನು ನೀನು ಮೊದಲ ಕಡೆ ನೂರು ಕೊಟ್ಟು ಕೊಂಡಂತಾಯಿತು, ಎರಡನೆಯ ಕಡೆ ಇಪ್ಪತ್ತಕ್ಕೇ ಸಿಕ್ಕಿತು. ಯಾವುದು ದುಬಾರಿ, ನೀನೇ ಹೇಳು. ಹಾಗೆಂದು ಪಿಇ ಕಡಿಮೆ ಇದ್ದದ್ದೆಲ್ಲ ಕೊಳ್ಳತಕ್ಕದ್ದೆಂದು ತಿಳಿಯಬೇಡ. ಮುಂದಿನ ವರ್ಷ ಲಾಭ ಕುಸಿಯುತ್ತದೆಂದು ಪೇಟೆ ಮೊದಲೇ ಅಂದಾಜು ಮಾಡಿದ್ದರೂ ಅದು ಕಡಿಮೆಯೇ ಇರುತ್ತದೆ.

ಇದೊಂದು ಮನಸ್ಸಿಗೆ ಹತ್ತಿದರೆ ಉಳಿದ ಹಲವು ಮಾತುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆದಾಗ ಅದರ ಬೆಲೆಯೂ ಐದನೆಯ ಒಂದು ಪಾಲಿಗೆ ಇಳಿಯುತ್ತದೆ, ನಿನ್ನ ಆಸ್ತಿ ಹೆಚ್ಚುವುದಿಲ್ಲ. ಇರುವ ಷೇರುದಾರರಿಗೆ ಕಂಪನಿ ಪುಕ್ಕಟೆ ಕೊಡುವ ಬೋನಸ್ ಷೇರಿನ ಕಥೆಯೂ ಅದೇ. ಹಲವರ ಹಣವನ್ನು ಕೂಡಿಸಿ ತೊಡಗಿಸುವ ಮ್ಯೂಚುವಲ್ ಫಂಡಿನ ಹೊಸ ಯೋಜನೆಯ ಯೂನಿಟ್ಟು 10 ರೂಪಾಯಿಗೆ ಸಿಗುತ್ತದೆ, ಹಳೆಯದರ ಎನ್‌ಎವಿ 300 ಆಗಿಬಿಟ್ಟಿದೆ ಎಂದು ಹೊಸದರತ್ತ ಓಡುವವರು ಮಾಡುವ ತಪ್ಪೂ ಇದೇ. ಎನ್‌ಎವಿ ಎಂದರೆ ಫಂಡಿನ ಒಟ್ಟು ಆಸ್ತಿಯಿಂದ ಬಾಕಿಗಳನ್ನು ಕಳೆದು ಯೂನಿಟ್ಟುಗಳಿಂದ ಭಾಗಿಸಿದ್ದು, ಅಷ್ಟೇ. ಅಲ್ಲಿ ನೋಡಬೇಕಾದದ್ದು ಹಣ ಎಲ್ಲಿ ತೊಡಗಿದೆ, ವರ್ಷಕ್ಕೆ ಎಷ್ಟು ವೆಚ್ಚ ಮುರಿದುಕೊಳ್ಳುತ್ತಾರೆ ಎಂಬುದನ್ನು. 2013ರಿಂದ ಪ್ರತಿ ಯೋಜನೆಗೂ ಡೈರೆಕ್ಟ್ ಪ್ಲಾನ್ ಇದೆ. ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲವಾದ್ದರಿಂದ ವೆಚ್ಚ ಕಡಿಮೆ.

ಬಾಂಡು ಬೇರೆ ಜಾತಿಯದು. ಷೇರು ಕೊಂಡವರು ಪಾಲುದಾರರು, ಬಾಂಡು ಕೊಂಡವರು ಸಾಲ ಕೊಟ್ಟವರು. ಕಂಪನಿ ಮುಳುಗಿದರೆ ಸಾಲ ಕೊಟ್ಟವರ ಬಾಕಿಯೆಲ್ಲ ತೀರಿ ಮಿಕ್ಕಿದ್ದು ಮಾತ್ರ ಷೇರುದಾರರಿಗೆ. ಸಾಮಾನ್ಯವಾಗಿ ಏನೂ ಮಿಕ್ಕುವುದಿಲ್ಲ.

ಅದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನಮ್ಮ ಟ್ರಂಕಿನ ತಳದಲ್ಲಿ, ನಿನ್ನ ಅಜ್ಜನ ಹೊಲದ ಪತ್ರಗಳ ಕೆಳಗೆ, ದಪ್ಪ ಕಾಗದದ ಒಂದು ಷೇರು ಸರ್ಟಿಫಿಕೇಟು ಇದೆ. ಸುತ್ತಲೂ ಹಸಿರು ಬಳ್ಳಿಯ ಅಂಚು, ನನ್ನ ಹೆಸರು, ಫೋಲಿಯೋ ಸಂಖ್ಯೆ, ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕಿನ ಗುರುತು. 1995ರಲ್ಲಿ 10 ರೂಪಾಯಿಯಂತೆ ಇನ್ನೂರು ಷೇರಿಗೆ ಅರ್ಜಿ ತುಂಬಿದೆ. ನನ್ನ ಅರ್ಧ ತಿಂಗಳ ಸಂಬಳ ಅದು. ಮುಖಬೆಲೆಗೇ ಸಿಗುತ್ತಿದೆ, ಇದಕ್ಕಿಂತ ಅಗ್ಗ ಇನ್ನೇನು ಎಂದುಕೊಂಡಿದ್ದೆ. ಅರ್ಜಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಲಿಲ್ಲ. ಎರಡು ವರ್ಷದಲ್ಲಿ ಕಂಪನಿಯ ವಿಳಾಸಕ್ಕೆ ಬರೆದ ಕಾಗದಗಳು ವಾಪಸು ಬರತೊಡಗಿದವು. ನೀನು ಆಡಿದ ಮಾತಿನಲ್ಲಿ ನನಗೆ ಕೇಳಿಸಿದ್ದು ನನ್ನದೇ ಆ ಹಳೆಯ ಮಾತು.

ಈಗ ಕಾಗದದ ಕಾಟವಿಲ್ಲ; 1996ರ ಡಿಪಾಸಿಟರಿ ಕಾಯ್ದೆಯ ನಂತರ ಷೇರುಗಳು ಕಂಪ್ಯೂಟರಿನಲ್ಲೇ ಲೆಕ್ಕವಿಡುವ ಡಿಮ್ಯಾಟ್ ಖಾತೆಯಲ್ಲಿ ಇರುತ್ತವೆ, ಷೇರುಪೇಟೆಯನ್ನು ನಿಯಂತ್ರಿಸುವ, 1992ರಲ್ಲಿ ಕಾನೂನಿನ ಬಲ ಪಡೆದ ಸೆಬಿ ಸಂಸ್ಥೆಯ ಕಣ್ಣೂ ಇದೆ. ಆದರೆ ಸೆಬಿ ನಿನ್ನ ನಷ್ಟವನ್ನು ತುಂಬಿಕೊಡುವುದಿಲ್ಲ. ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಏರಿತೆಂದರೆ ಅದರೊಳಗಿನ 30 ಕಂಪನಿಗಳ ಸರಾಸರಿ ಲೆಕ್ಕ ಏರಿತೆಂದರ್ಥ, ನಿನ್ನ ಷೇರು ಏರಿತೆಂದಲ್ಲ. ಆ ದೊಡ್ಡ ಕಂಪನಿಗಳ ಸೂಚ್ಯಂಕವೇ 2020ರ ಮಾರ್ಚ್ 23ರಂದು ಒಂದೇ ದಿನ ಸುಮಾರು ಶೇ 13ರಷ್ಟು ಬಿದ್ದಿತ್ತು. ಕಾಯುವ ಶಕ್ತಿ ಇದ್ದವರು ಚೇತರಿಸಿಕೊಂಡರು. ಆ ತಿಂಗಳೇ ಆಸ್ಪತ್ರೆಗೋ ಬಾಡಿಗೆಗೋ ಹಣ ಬೇಕಾದವರು ಬಿದ್ದ ಬೆಲೆಗೇ ಮಾರಿದರು. ಆದ್ದರಿಂದ ಆರು ತಿಂಗಳ ಖರ್ಚಿನ ಹಣವನ್ನು ಬ್ಯಾಂಕಿನಿಂದ ಅಲುಗಾಡಿಸಬೇಡ. ಷೇರಿನ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಆಪ್ಷನ್, ಫ್ಯೂಚರ್ ಎಂಬ ಒಪ್ಪಂದಗಳ ಹತ್ತಿರ ಸುಳಿಯಲೂ ಬೇಡ. 2021-22ರಿಂದ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಸಾಮಾನ್ಯ ಜನರ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ.

ನಿನ್ನ ನಲವತ್ತು ರೂಪಾಯಿಯ ಕಂಪನಿಯ ವಾರ್ಷಿಕ ವರದಿ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಸಿಗುತ್ತದೆ. ಅದರಿಂದ ಒಟ್ಟು ಷೇರುಗಳ ಸಂಖ್ಯೆ, ಕಳೆದ ಮೂರು ವರ್ಷಗಳ ನಿವ್ವಳ ಲಾಭ, ಕಂಪನಿಯ ಸಾಲ, ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ಸಾಲಕ್ಕಾಗಿ ಅಡವಿಟ್ಟ ಷೇರುಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಭಾನುವಾರ ಬೆಳಗ್ಗೆ ಫೋನು ಮಾಡು. ನಾನೂ ಕನ್ನಡಕ, ಲೆಕ್ಕದ ಪುಸ್ತಕ ಎರಡನ್ನೂ ಹತ್ತಿರವಿಟ್ಟುಕೊಂಡಿರುತ್ತೇನೆ. ಅಲ್ಲಿಯವರೆಗೆ ಆ ಇಪ್ಪತ್ತು ಸಾವಿರ ಖಾತೆಯಲ್ಲೇ ಇರಲಿ.

ಇಂತಿ,
ನಿನ್ನ ದೊಡ್ಡಪ್ಪ